ಹುಳಕ್ಕೆ ಹಾಸಿದ ಮರ

"ಲೋ ಬೋಳಿಮಗನೆ, ಸಿಪ್ಪೆ ಸುಲೀತಿದ್ದೀಯೋ, ಮರಕ್ಕೆ ಕ್ಷೌರ ಮಾಡ್ತಿದ್ದೀಯೋ?"

ಫಾರೆಸ್ಟರ್ ಕುಬಾಲಾ ದಾರಿಯ ಮೇಲಿಂದ ಕೂಗಿದ. ಗೇಜಾ ತೊಗಟೆ ಸುಲಿಯುವ ಸಲಿಕೆ ನಿಲ್ಲಿಸದೆ, "ಕ್ಷೌರಾನೇ ಯಜಮಾನ್ರೆ. ಮೀಸೆ ಬಿಡ್ಲಾ, ತೆಗೀಲಾ?" ಎಂದ. ಊರವರು ಜಿಪ್ಸಿಗಳೆನ್ನುವ ರೋಮಾ ಜನರ ಕೇರಿಯ ಆಳುಗಳೆಲ್ಲ ಕಿಸಕ್ಕನೆ ನಕ್ಕರು. ಕುಬಾಲಾನೂ ನಕ್ಕ. ಗೇಜಾನ ಬದುಕೇ ಹೀಗೆ. ಯಾರಾದರೂ ಮುಖಕ್ಕೆ ಉಗಿದರೆ ಒರೆಸಿಕೊಳ್ಳುವ ಮೊದಲೇ ಒಂದು ತಮಾಷೆ ಬಿಡುತ್ತಿದ್ದ. ಮರ್ಯಾದೆ ಅನ್ನುವುದು ನಮಗೆ ಅಪ್ಪನ ಕಾಲದಿಂದಲೂ ಇಲ್ಲ, ಇಲ್ಲದ್ದನ್ನು ಕಳಕೊಳ್ಳೋದು ಹೇಗೆ ಎಂದು ಹೆಂಡತಿ ಯೊಲಾನಾಳಿಗೆ ಹೇಳುತ್ತಿದ್ದ. "ಥೂ, ನಿನ್ನ ಬಾಯಿಗೆ ಮಣ್ಣು ಹಾಕ" ಎನ್ನುತ್ತಿದ್ದಳು ಅವಳು.

ಟಾಟ್ರಾ ಬೆಟ್ಟದ ಆ ಇಳಿಜಾರಿನಲ್ಲಿ, ಹಿಮ ಪೂರ್ತಿ ಕರಗುವ ಮೊದಲೇ, ಒಂದಷ್ಟು ಸ್ಪ್ರೂಸ್ ಮರ ಕೆಡವಿ ಮಲಗಿಸಿದ್ದರು. ತೊಗಟೆ ಕೊರೆಯುವ ಹುಳಕ್ಕೆ ಅದು ಬೋನು. ವಸಂತದಲ್ಲಿ ನಿಂತ ಮರ ರಸ ತುಂಬಿಕೊಂಡು ಸೊಕ್ಕಿರುತ್ತದೆ, ಕೊರೆಯಲು ಬಂದ ಹುಳವನ್ನು ತನ್ನ ಅಂಟಿನಲ್ಲೇ ಮುಳುಗಿಸುತ್ತದೆ. ಬಿದ್ದ ಮರಕ್ಕೆ ಆ ತ್ರಾಣವೆಲ್ಲಿ? ಹುಳ ಒಳನುಗ್ಗಿ, ಸಂಸಾರ ಹೂಡಿ, ಮೊಟ್ಟೆಯಿಡುತ್ತದೆ. ಮರಿಗಳು ಬೆಳ್ಳಗೆ ಮೆತ್ತಗಿರುವಾಗಲೇ ತೊಗಟೆ ಸುಲಿದರೆ ಒಣಗಿ ಸಾಯುತ್ತವೆ. ತಡವಾದರೆ ಕಂದುಬಣ್ಣಕ್ಕೆ ತಿರುಗಿ, ರೆಕ್ಕೆ ಬಲಿತು ಹಾರುತ್ತವೆ. ಅಷ್ಟು ಹೊತ್ತಿಗೆ ಬೇಸಿಗೆಯ ಬಾಯಾರಿಕೆಗೆ ನಿಂತ ಮರಗಳ ಅಂಟೂ ಬತ್ತಿರುತ್ತದೆ. ಆಮೇಲೆ ಕಾಡಿಗೆ ಕಾಡೇ ಒಣಗಬೇಕು.

ಈ ಸಲ ತಡವಾಗಿತ್ತು. ಸುಲಿಯಬೇಕಾದ ಹೊತ್ತಿನಲ್ಲಿ ಕುಬಾಲಾ ಆಳುಗಳನ್ನೆಲ್ಲ ತನ್ನ ಬೇಟೆಮನೆಗೆ ಹಲಗೆ ಹೊಡೆಯಲು ಎಳೆದುಕೊಂಡು ಹೋಗಿದ್ದ. ಈಗ ಸುಲಿದರೆ ಸಾಲದು, ಸುಲಿದ ತೊಗಟೆಯನ್ನು ಸುಡಲೂಬೇಕು. ತುಂಬು ಬಸುರಿ ಯೊಲಾನಾ ಬೆಂಕಿಗೆ ತೊಗಟೆ ಎಸೆಯುತ್ತಿದ್ದಳು.

ಕೆಳಗೆ ಅರಣ್ಯ ಅಧಿಕಾರಿಯ ಜೀಪಿನ ಸದ್ದಾಯಿತು. ಕುಬಾಲಾ ಗೇಜಾನ ಕಾಲರ್ ಹಿಡಿದೆಳೆದ.

"ಯಾಕೆ ತಡ ಅಂತ ಸಾಹೇಬ್ರು ಕೇಳ್ತಾರೆ. ಕುಡ್ದು ಬಿದ್ದಿದ್ವಿ ಅನ್ನು. ಇಲ್ದಿದ್ರೆ ಕೇರಿಗೆ ಕಾಡಿನ ಸೌದೆ ಬಂದ್. ಚಳೀಲಿ ಸೆಟೆದು ಸಾಯ್ತೀರಿ."

ಗೇಜಾನಿಗೆ ಕುಡುಕನ ವೇಷವೇನು ಹೊಸದೇ? ಟೋಪಿ ತೆಗೆದು ಅಧಿಕಾರಿಯ ಮುಂದೆ ಓಲಾಡಿದ. "ತಪ್ಪಾಯ್ತು ದೊರೆ. ಕುಡ್ದು ಮಲಗಿದ್ವಿ. ಹುಳ ನಮಗಿಂತ ಮೊದ್ಲೇ ಎದ್ಬಿಡ್ತು."

ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೋಗ್ಲಿ ಬಿಡ್ರೀ ಕುಬಾಲಾ. ಬೇಟೆಮನೆಗೆ ಹಲಗೆ ಚೆನ್ನಾಗಿ ಹೊಡ್ಸಿದ್ದೀರಿ. ನಿನ್ನೆ ರಾತ್ರಿ ಅಲ್ಲಿ ಒಳ್ಳೆ ನಿದ್ದೆ ಬಂತು."

ಅವನಿಗೂ ಎಲ್ಲ ಗೊತ್ತಿತ್ತು. ಸುಮ್ಮನೆ ಓಲಾಡಿದೆನಲ್ಲ ಎಂದು ಗೇಜಾನಿಗೆ ನಾಚಿಕೆಯಾಯಿತು.

ಅಧಿಕಾರಿ ಒಂದು ತೊಗಟೆ ಮಗುಚಿ, ಒಳಗೆ ಗಿಜಿಗುಡುತ್ತಿದ್ದ ಹುಳ ನೋಡಿ ಮುಖ ಕಿವುಚಿದ. "ಅಬ್ಬಾ, ಏನ್ ಸಂತಾನ ರೀ ಇದು!"

ಕುಬಾಲಾ ಕೈಯಲ್ಲಿದ್ದ ಕೋಲಿನಿಂದ ಯೊಲಾನಾಳ ಹೊಟ್ಟೆ ತಿವಿದು ತೋರಿಸಿದ. "ಈ ಜಿಪ್ಸಿಗಳದ್ದೂ ಇದೇ ಕತೆ ಸಾರ್. ಎಲ್ಲಿ ಜಾಗ ಸಿಕ್ರೆ ಅಲ್ಲಿ ಮರಿ ಹಾಕ್ತವೆ. ಇವರನ್ನ ಸುಡೋಕೆ ಕಾನೂನು ಬಿಡಲ್ಲ, ಅಷ್ಟೆ."

ಎಲ್ಲರೂ ಗೇಜಾನ ಕಡೆ ನೋಡಿದರು. "ಲೋ ಅಳಿಯಾ, ಏನಾದ್ರೂ ಅನ್ನೋ" ಎಂದು ಯೊಲಾನಾಳ ಅಪ್ಪ ಡೆಜಿಡೆರ್ ಪಿಸುಗುಟ್ಟಿದ. ಗೇಜಾ ಬಾಯಿ ತೆರೆದ. ಇಷ್ಟು ವರ್ಷ ಸಾಕಿದ ಬಾಯಿ ಅವತ್ತು ಕೈಕೊಟ್ಟಿತು.

ಯೊಲಾನಾ ಕುಡಿಯುವ ನೀರಿನ ಬಕೆಟ್ ಎತ್ತಿ ಬೆಂಕಿಯ ಮೇಲೆ ಸುರಿದಳು.

"ಏಯ್ ಮುಂಡೆ! ಬಿಸಿಲಿದೆ, ಎಲ್ಲಾ ಹಾರ್ಹೋಗ್ತವೆ! ಹಚ್ರೋ ಬೆಂಕಿ!" ಕುಬಾಲಾ ಅರಚಿದ. ಯಾರೂ ಕದಲಲಿಲ್ಲ. "ಸೌದೆ ಬಂದ್! ಒಂದು ಕಡ್ಡೀನೂ ಮುಟ್ಟಂಗಿಲ್ಲ!"

ಗೇಜಾನಿಗೆ ಮುಂದಿನ ಚಳಿಗಾಲ ಕಣ್ಣಿಗೆ ಕಟ್ಟಿತು. ಎಳೆಕೂಸು, ತಣ್ಣಗಿನ ಒಲೆ, ಜನವರಿ. ಬೇರೆಯವರು ಬಂಡೆದ್ದರೆ ಎದೆ ಸೆಟೆಸುತ್ತಾರಂತೆ. ಇವನೋ ಹೋಗಿ, ಇನ್ನೂ ಸುಡದ ಹಸಿ ತೊಗಟೆಯ ರಾಶಿಯ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ತಾನೂ ಕೂತ.

"ಸುಡೋದಾದ್ರೆ ನಮ್ಮನ್ನೂ ಸೇರ್ಸಿ ಸುಡ್ರಿ ಯಜಮಾನ್ರೆ."

ಡೆಜಿಡೆರ್ ಬಂದು ಪಕ್ಕದಲ್ಲಿ ಕುಕ್ಕರಿಸಿದ. "ಥೂ, ಮುಕಳಿ ಒದ್ದೆ ಆಯ್ತಲ್ಲೋ" ಎಂದು ಗೊಣಗಿದ, ಏಳಲಿಲ್ಲ. ಉಳಿದವರೂ ಸಲಿಕೆ ಬಿಸಾಡಿ ಬಂದು ಕೂತರು. ಅಧಿಕಾರಿ ಜೀಪು ಹತ್ತಿ ಗಾಜು ಏರಿಸಿಕೊಂಡ.

ಕುಬಾಲಾ ಬಗ್ಗಿ, ಅವರ ಕಾಲಬುಡದ ತೊಗಟೆಗೆ ಬೆಂಕಿಕಡ್ಡಿ ಗೀರಿದ. ಆರಿತು. ಮತ್ತೊಂದು ಗೀರಿದ. ಯೊಲಾನಾಳ ಹೊಟ್ಟೆಯ ಮೇಲೆ ಹತ್ತಿದ್ದ ಹುಳವೊಂದು ರೆಕ್ಕೆ ಬಿಚ್ಚಿ, ಅವನ ತಲೆ ದಾಟಿ ಕಾಡಿನ ಕಡೆ ಹಾರಿತು.