ರಾಧಾ ಹೆಸರಿನ ಹುಡುಕಾಟ

ಜೀವಿತಾಳ ಅಣ್ಣನ ಮಗಳು ರಾಧಾಳಿಗೆ ಆಗ ಏಳು ವರ್ಷ. ಸ್ನಾಯುಗಳ ಶಕ್ತಿ ಸೋರಿಹೋಗುತ್ತಲೇ ಇರುವ ಕಾಯಿಲೆ. ಸದ್ಯಕ್ಕೆ ಔಷಧಿಯಿಲ್ಲ, ಎಲ್ಲಾದರೂ ಸಂಶೋಧನೆ ನಡೆಯುತ್ತಿರಬಹುದು ಎಂದು ಸೇಲಂನ ಡಾಕ್ಟರು ಕೈಚೆಲ್ಲಿದ ದಿನ ಇಡೀ ಮನೆ ಜೀವಿತಾಳ ಮುಖ ನೋಡಿತು. ಊರಿನ ಗುಗೈ ಬಡಾವಣೆಯ ಆ ಕನ್ನಡ ನೇಕಾರರ ಬೀದಿಯಲ್ಲಿ ಮೆಡಿಕಲ್ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಹತ್ತಿದ್ದು ಲೈಬ್ರರಿ ಕೆಲಸಕ್ಕೆ. ಮನೆಯವರಿಗೆ ಅದೇನು ದೊಡ್ಡ ವ್ಯತ್ಯಾಸವಲ್ಲ.

ಹುಡುಕುವುದಂತೂ ಅವಳಿಗೆ ಗೊತ್ತಿತ್ತು. ಜಗತ್ತಿನ ವೈದ್ಯಕೀಯ ಲೇಖನಗಳು ಬಂದು ಸೇರುವ ಆನ್‌ಲೈನ್ ಭಂಡಾರದಲ್ಲಿ ಒಂದೆರಡು ಪದ ಹಾಕಿದರೆ ಸಾಲದು. ಕಾಯಿಲೆಯ ಬೇರೆ ಬೇರೆ ಹೆಸರು, ಔಷಧಿ, ಪ್ರಯೋಗ, ವಯಸ್ಸು ಎಲ್ಲವನ್ನೂ ಜೋಡಿಸಿ ಉದ್ದನೆಯ ಸಾಲು ಕಟ್ಟಬೇಕು. ಡಾಕ್ಟರ್ ಕಾರ್ತಿಕೇಯನ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧಕ್ಕಾಗಿ ಹಿಂದೆ ವಾರಗಟ್ಟಲೆ ಕೂತು ಅಂಥದೊಂದು ಸಾಲು ಕಟ್ಟಿ, ತನ್ನ ಖಾತೆಯಲ್ಲಿ ಉಳಿಸಿಕೊಂಡಿದ್ದಳು. ಈಗ ಅದನ್ನೇ ತೆರೆದು, ಹಳೆಯ ಕಾಯಿಲೆಯ ಹೆಸರು ತೆಗೆದು ಮಗುವಿನ ಕಾಯಿಲೆಯ ಹೆಸರು ಹಾಕಿದಳು. ಅದಕ್ಕೆ ರಾಧಾ ಎಂದು ಹೆಸರಿಟ್ಟು ಉಳಿಸಿ, ಹೊಸ ಲೇಖನ ಬಂದರೆ ಪ್ರತಿ ಸೋಮವಾರ ಮೇಲ್ ಬರುವಂತೆ ಮಾಡಿದಳು.

ಹಳೆಯ ಸಾಲನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಹೊಳೆಯುವುದೂ ಕಷ್ಟ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿನ ಹಾಸು ಮುಗಿಯುತ್ತ ಬಂದಾಗ ಅದರ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಬೆರಳಲ್ಲಿ ಹೊಸೆದು ಸೇರಿಸುತ್ತಾರೆ. ಬಾಚಣಿಗೆಯ ಹಲ್ಲಿನಂಥ ಅಚ್ಚಿನೊಳಗೆ ಒಮ್ಮೆ ಪೋಣಿಸಿದ್ದನ್ನು ಸುಮ್ಮಸುಮ್ಮನೆ ಕಳಚುವವರನ್ನು ಬೀದಿಯೇ ನೋಡಿ ನಗುತ್ತದೆ. ಚಿಕ್ಕಂದಿನಿಂದ ಅವಳ ಬೆರಳು ಕಲಿತದ್ದು ಅದನ್ನೇ.

ಸೋಮವಾರ ಸಂಜೆ ಅತ್ತಿಗೆ ಕಲೈವಾಣಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನಾನಾ ಬಂತಾ ಜೀವಿ?"

"ಬಂದೈತೆ ಅತ್ತಿಗೆ. ಎಲ್ಲಾ ದೊಡ್ಡೋರ್ಗೆ ಮಾಡಿರೋದು. ಮಕ್ಕಳ್ದು ಯಾರೂ ಇನ್ನಾ ನೋಡ್ತಿಲ್ಲ."

"ಪರವಾಯಿಲ್ಲೆ ಬಿಡು. ಮುಂದಿನ ವಾರ ಬತ್ತೈತೆ."

ಮಕ್ಕಳೆಂದರೆ ಇವರಿಗೆ ಲೆಕ್ಕಕ್ಕೇ ಇಲ್ಲವೇ ಎಂದು ಜೀವಿತಾ ಲೋಕದ ವಿಜ್ಞಾನಿಗಳನ್ನೆಲ್ಲ ಮನಸಾರೆ ಬೈದುಕೊಂಡಳು. ಹೀಗೆ ಎರಡು ದೀಪಾವಳಿ ಕಳೆದವು. ಓಡುತ್ತಿದ್ದ ರಾಧಾ ನಡೆಯತೊಡಗಿದಳು, ಆಮೇಲೆ ಗೋಡೆ ಹಿಡಿದು ನಡೆದಳು, ಈ ವರ್ಷ ಆಷಾಢದ ಹೊತ್ತಿನ ಆಡಿ ತಿಂಗಳಲ್ಲಿ ಗೋಡೆಯನ್ನೂ ಬಿಟ್ಟು ಅಪ್ಪನ ಮಗ್ಗದ ಪಕ್ಕ ಕೂತುಬಿಟ್ಟಳು.

ಅದಾದ ಸ್ವಲ್ಪ ದಿನಕ್ಕೆ ಕಾಲೇಜಿಗೆ ಹೊಸ ವಿದ್ಯಾರ್ಥಿಗಳು ಬಂದರು. ಹುಡುಕಾಟವನ್ನು ಉಳಿಸಿ ಮತ್ತೆ ಬಳಸುವುದು ಹೇಗೆಂದು ತೋರಿಸಲು ಜೀವಿತಾ ತನ್ನದನ್ನೇ ಪರದೆಯ ಮೇಲೆ ತೆರೆದಳು. ವಿದ್ಯಾರ್ಥಿನಿಯೊಬ್ಬಳು ತಮಿಳಿನಲ್ಲಿ ಕೇಳಿದಳು: ಮೇಡಂ, ಕೊನೆಯಲ್ಲಿ ಹತ್ತೊಂಬತ್ತು ವರ್ಷ ದಾಟಿದವರು ಮಾತ್ರ ಅಂತ ಇದೆಯಲ್ಲ, ಉಳಿಸಿದಾಗ ಅದೂ ಉಳಿದುಬಿಡುತ್ತದಾ?

ಉಳಿದುಬಿಟ್ಟಿತ್ತು. ಕಾರ್ತಿಕೇಯನ್‌ಗೆ ಬೇಕಿದ್ದದ್ದು ದೊಡ್ಡವರ ಲೇಖನಗಳು. ಜೀವಿತಾ ಆ ತುಂಡನ್ನು ಅಳಿಸಿದಳು. ಪರದೆಯ ತುಂಬ ಮಕ್ಕಳು ಬಂದರು. ಯಂತ್ರವನ್ನು ಬೈಯುವ ಹಾಗೂ ಇರಲಿಲ್ಲ. ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡಿತ್ತು.

ಅದರಲ್ಲೊಂದು ಔಷಧಿಯ ಪ್ರಯೋಗ ಬೆಂಗಳೂರಿನ ಆಸ್ಪತ್ರೆಯಲ್ಲೇ ನಡೆಯುತ್ತಿತ್ತು. ಬೆಳಿಗ್ಗೆ ಓಮಲೂರಿನ ಮೇಲೆ ಹೋಗುವ ಬಸ್ಸು ಹತ್ತಿದ್ದರೆ ಮಧ್ಯಾಹ್ನ ಅಲ್ಲಿರಬಹುದಿತ್ತು. ಫೋನ್ ಎತ್ತಿದವರು ಒಳ್ಳೆಯವರೇ. ಇನ್ನೂ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದೇವೆ, ಆದರೆ ಆಸರೆಯಿಲ್ಲದೆ ನಡೆಯುವವರನ್ನು ಮಾತ್ರ, ಮೊದಲು ನಡೆಯುವ ವಿಡಿಯೋ ಕಳಿಸಿ ಎಂದರು.

ಮನೆಗೆ ಬಂದು ಜೀವಿತಾ ಒಂದನ್ನೂ ಮುಚ್ಚಿಡದೆ ಹೇಳಿದಳು. ಅಣ್ಣ ಪ್ರಭಾಕರನ್ ಮಗ್ಗದ ಗುಂಡಿಯಲ್ಲಿ ಕೂತೇ ಇದ್ದ. "ಮಕ್ಕಳ್ದು ಇಲ್ಲ ಅಂತ ನೀನೇ ಅಂದ್ಯಲ್ಲಾ," ಎಂದ, ಅಷ್ಟೆ. ಅತ್ತಿಗೆ ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಅದೇನನ್ನೂ ಮಾಡದೆ ಒಳಗೆ ಹೋಗಿ, ಮಗಳಿಗೆ ಉದ್ದನೆಯ ಗೌನು ಹಾಕಿ, ತಲೆ ಬಾಚಿ, ಎತ್ತಿಕೊಂಡು ಬಂದು ಮಗ್ಗದ ಮುಂದೆ ನಿಲ್ಲಿಸಿದಳು. ನಿಲ್ಲಿಸಿದಳು ಎಂದರೆ ಮಗಳ ಹಿಂದೆ ಮರೆಯಾಗುವಂತೆ ಬಗ್ಗಿ, ಸೊಂಟ ಹಿಡಿದು ಎತ್ತಿ ಹಿಡಿದಿದ್ದಳು.

"ಜೀವಿ, ವಿಡಿಯೋ ತೆಗಿ. ನನ್ ಕೈ ಕಾಣ್ದಂಗೆ ತೆಗಿ."

"ಅಲ್ಲಿಗೋದ್ರೆ ಡಾಕ್ಟ್ರಿಗೆ ಗೊತ್ತಾಗ್ತೈತೆ ಅತ್ತಿಗೆ."

"ಅಲ್ಲಿಗಂಟ ಓಗಾಣ ಮೊದ್ಲು. ನಡಿ ಕಣ್ಣು, ಅತ್ತೆ ಕಡೆ ನೋಡ್ಕೊಂಡು ನಡಿ."

ರಾಧಾ ನಕ್ಕಳು. ಬಹಳ ದಿನಗಳ ಮೇಲೆ ಅತ್ತೆ ತನ್ನ ಪಟ ತೆಗೆಯುತ್ತಿದ್ದಾಳೆಂಬ ಖುಷಿ ಅವಳಿಗೆ. ಪಾದಗಳು ಬೆರಳು ಮಡಿಸಿಕೊಂಡು ನೆಲ ಉಜ್ಜುತ್ತ ಬಂದವು. ಜೀವಿತಾ ಫೋನನ್ನು ಮೇಲೆತ್ತಿದಳು, ಇಳಿಸಿದಳು, ಪಕ್ಕಕ್ಕೆ ಸರಿದಳು. ಹೇಗೆ ಹಿಡಿದರೂ ಗೌನಿನ ಪಕ್ಕದಲ್ಲಿ ತಾಯಿಯ ಬಳೆ ಕಾಣುತ್ತಿತ್ತು.

"ಸರಿಯಾಗೈತಾ?" ಎಂದಳು ಕಲೈವಾಣಿ.

"ಇಲ್ಲ. ಬಳೆ ತೆಗ್ದಿಟ್ಟು ಇನ್ನೊಂದ್ಸಲ ನಡ್ಸು," ಎಂದಳು ಜೀವಿತಾ.