ರಾಣಿ ಇಳಿದು ಬಂದ ದೃಶ್ಯ

ಜಯಶ್ರೀ ಆ ಹಳೆಯ ಸಿನಿಮಾದ ವಿಸಿಡಿ ಕೊಂಡದ್ದು ಕೊನೆಯ ಒಂದೇ ಒಂದು ದೃಶ್ಯಕ್ಕಾಗಿ. ಮಾಂತ್ರಿಕನ ಲೋಹದ ಹಡಗು ರಾಣಿಯನ್ನು ಚಂದ್ರಲೋಕಕ್ಕೆ ಹೊತ್ತೊಯ್ಯುತ್ತದೆ. ಕೊನೆಗೆ ರಾಣಿ ಬೆಳದಿಂಗಳ ಏಣಿ ಹಿಡಿದು ಇಳಿದು ಬಂದು ಮಗಳನ್ನು ಎತ್ತಿಕೊಳ್ಳುತ್ತಾಳೆ. ಅಂಕೋಲೆಯ ಟೆಂಟಿನಲ್ಲಿ ಅದನ್ನು ನೋಡಿದಾಗ ಜಯಶ್ರೀ ಇನ್ನೂ ಚಿಕ್ಕವಳು. ತಾಯಿ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಮನೆಯಲ್ಲಿ ತಾಯಿಯ ಒಂದು ಫೋಟೋ ಕೂಡ ಇರಲಿಲ್ಲ. ರಾಣಿಯ ಮುಖ ಥೇಟ್ ಅಮ್ಮನದೇ ಎಂದು ಅಂದಿನಿಂದಲೂ ನಂಬಿದ್ದಳು. ಮಗಳು ಪ್ರೇಕ್ಷಾಗೆ ಅಜ್ಜಿಯನ್ನು ತೋರಿಸಲು ಬೇರೆ ದಾರಿಯಾದರೂ ಏನಿತ್ತು?

ಕಾರವಾರದ ಮನೆಯಲ್ಲಿ ತಾಯಿ, ಮಗಳು ಟಿವಿ ಮುಂದೆ ಕೂತರು. ಹಡಗು ಮೇಲೇರುವಾಗ ಅದನ್ನು ಎಳೆಯುವ ದಾರ ಕಂಡಿತು. "ಅಮ್ಮಾ, ಇದು ಎಣ್ಣೆ ಡಬ್ಬಿ ಅಲ್ವಾ?" ಎಂದು ನಕ್ಕ ಪ್ರೇಕ್ಷಾ, ತಾಯಿಯ ಮುಖ ನೋಡಿ ನಗು ನುಂಗಿಕೊಂಡಳು. ರಾಣಿ ಬಂದಳು. ದುಂಡು ಮುಖ, ಗಿಣಿಮೂಗು. ಯಾರೋ ಗುರುತಿಲ್ಲದ ಹೆಂಗಸು. ಕಡೆಗೆ ಅವಳು ಚಂದ್ರನ ಮೇಲೆ ಕಲ್ಲಾಗಿ ನಿಂತಳು. ಸಿನಿಮಾ ಮುಗಿಯಿತು.

"ಏಣಿ ಎಲ್ಲಿ?" ಎಂದಳು ಜಯಶ್ರೀ.

ಇನ್ನೊಂದು ಡಿಸ್ಕ್ ಇರಬೇಕೆಂದು ಅಂಗಡಿಗೆ ಹೋದಳು. ಅಂಗಡಿಯವ ಬೇರೆ ಗಿರಾಕಿಗಳನ್ನು ಕಾಯಿಸಿ, ಕೊನೆಯ ಭಾಗವನ್ನು ಮತ್ತೆ ಹಾಕಿ ತೋರಿಸಿದ. "ಇಷ್ಟೇ ಇರುದು ಅಕ್ಕಾ. ನೀವು ಕಂಡದ್ದು ಬೇರೆ ಸಿನಿಮಾ ಆಗಿರ್ಬಹುದು."

ಬೇರೆಯಾಗಿರಲು ಸಾಧ್ಯವಿಲ್ಲ. ಮಗಳನ್ನು ಕರೆದುಕೊಂಡು, ತನ್ನನ್ನು ಸಾಕಿದ ಚಂಪಾ ಅತ್ತೆಯ ಬಳಿ ಅಮದಳ್ಳಿಗೆ ಹೋದಳು. ಟೆಂಟಿಗೆ ಕರೆದೊಯ್ಯುತ್ತಿದ್ದವಳೂ ಅವಳೇ. ಅತ್ತೆ ಅಂಗಳದಲ್ಲಿ ಮುರುಗಲ ಹಣ್ಣಿನ ಸಿಪ್ಪೆ ಒಣಹಾಕುತ್ತ ಏಣಿಯ ಕತೆ ಕೇಳಿಸಿಕೊಂಡಳು.

"ಕಡೇ ದೃಶ್ಯ ನಾವೆಲ್ಲಿ ಕಂಡದ್ದೇ ಮಾರಾಯ್ತಿ? ಕಡೇ ಬಸ್ ತಪ್ಪಬಾರ್ದು ಅಂತ ನಡುವೇ ಎದ್ದು ಓಡುದು. ಉಳಿದ ಕತೆ ನಾ ಬಸ್ಸಲ್ಲಿ ಬಾಯಿಗೆ ಬಂದಂಗೆ ಹೇಳ್ತಿದ್ದೆ."

"ಹಾಗಾದ್ರೆ ಏಣಿ ನೀ ಹೇಳಿದ್ದಾ?"

"ನಾ ಎಂತಕ್ಕೆ ಹೇಳ್ಲಿ? ರಾಣಿ ಅಲ್ಲೇ ಸುಖವಾಗಿದ್ಲು ಅಂದೆ. ನೀನೇ, ಇಲ್ಲ, ಇಳಿದು ಬಂದ್ಲು, ನಾ ಕಂಡೆ ಅಂತ ಹಟ ಹಿಡಿದೆ. ಹೂಂ, ನಾನೂ ಕಂಡೆ ಅಂದೆ. ಪಾಪ, ಕಂಡಕ್ಟರೂ ಕಂಡೆ ಅಂದ."

"ದೃಶ್ಯವೇ ಇಲ್ಲ ಅಂದ್ರೆ ನಾ ಕಂಡ ಮುಖ ಯಾರದು?" ಎಂದಳು ಜಯಶ್ರೀ.

"ಹೇಗಿದ್ಲು ಅವಳು?" ಎಂದು ಅತ್ತೆ ಕೇಳಿದಳು.

"ಉದ್ದ ಮುಖ. ಎಡ ಹುಬ್ಬಿನ ಮೇಲೆ ಸುಟ್ಟ ಕಲೆ."

ಅತ್ತೆಯ ಕೈ ಅಲ್ಲೇ ನಿಂತಿತು. "ನಿನ್ನ ಅಮ್ಮಂಗೆ ಒಲೆ ಕಿಡಿ ಸಿಡಿದದ್ದು ಅದು. ನಿಂಗ್ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ."

ಪ್ರೇಕ್ಷಾ ಹತ್ತಿರ ಸರಿದು ಕೂತಳು. "ಇನ್ನೂ ಹೇಳಮ್ಮಾ."

"ನೀಲಿ ಸೀರೆ ಉಟ್ಟಿದ್ಲು."

"ಅವಳ ಹತ್ರ ನೀಲಿ ಸೀರೆ ಇರ್ಲೇ ಇಲ್ಲ," ಎಂದಳು ಅತ್ತೆ.

ಜಯಶ್ರೀ ಏಳಹೊರಟಳು.

"ಇರ್ಲಿ ಬಿಡು," ಅತ್ತೆ ಮುರುಗಲ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಮುಂದೆ ಹೇಳು."