ಉಪ್ಪುಹುಲ್ಲಿನ ಏರಿ

ನಮ್ಮ ಮನೆ ಸುಟ್ಟು ಬೂದಿಯಾದ ಜಾಗದಲ್ಲೇ ಅಬ್ನರ್ ಸ್ಟಾಕ್‌ವೆಲ್ ತನ್ನ ಮನೆ ಕಟ್ಟಿಕೊಂಡಿದ್ದ. ನಮ್ಮ ಒಲೆಯ ಕಲ್ಲುಗಳೇ ಅವನ ಒಲೆಯ ಕಲ್ಲುಗಳು. ಅವನ ಹೆಂಡತಿ ಡಾರ್ಕಸ್ ನಮ್ಮ ಸೇಬಿನ ಮರಗಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದಳು. ಇದನ್ನೆಲ್ಲ ನಾನು ದಿನಾ ನೋಡಬೇಕಾಗಿತ್ತು. ಆ ಬೇಸಿಗೆಯಲ್ಲಿ ಕೋಟೆಯ ಸೆರೆಯಾಳುಗಳಾದ ನಮ್ಮನ್ನು ಅವನ ಏರಿಯ ಕೆಲಸಕ್ಕೆ ಕಳಿಸುತ್ತಿದ್ದರು. ಅವನ ಏರಿ ಎಂದು ಹೇಳಬೇಕಂತೆ. ಸಮುದ್ರವನ್ನು ಆಚೆ ತಳ್ಳಿ ಅದನ್ನು ಕಟ್ಟಿದವನು ನನ್ನ ಗಂಡ ಯೂಸ್ತಾಶ್‌ನ ಅಜ್ಜ.

ಏಳು ವರ್ಷದ ಹಿಂದೆ ಇಂಗ್ಲಿಷ್ ಸಿಪಾಯಿಗಳು ಫ್ರೆಂಚರಾದ ನಮ್ಮನ್ನು ಹೊರಗಟ್ಟಲು ಊರಿಗೆ ಊರನ್ನೇ ಹಡಗಿಗೆ ತುಂಬಿದಾಗ ನಾವು ಕಾಡಿಗೆ ಓಡಿದ್ದೆವು. ನನ್ನ ಹಿರಿಮಗಳು ಓಜಿತ್‌ಗೆ ಆಗ ಹತ್ತು ವರ್ಷ. ಆ ವಾರ ಅವಳು ಹೊಳೆಯ ಕೆಳಗಿನ ಊರಿಗೆ, ನನ್ನ ತಂಗಿಯ ಮನೆಗೆ ಹೋಗಿದ್ದಳು. ಅವರಿಬ್ಬರನ್ನೂ ಹಡಗು ಹತ್ತಿಸಿದರು ಎಂಬಷ್ಟು ಮಾತ್ರ ಕೇಳಿಬಂತು. ಯಾವ ಹಡಗು, ಯಾವ ರೇವು, ಹೇಳುವವರಿಲ್ಲ. ಕಿರಿಯವಳು ಲೂಸ್ ಹುಟ್ಟಿದ್ದು ಕಾಡಿನಲ್ಲಿ, ಆ ನೆಲದ ಮೂಲನಿವಾಸಿಗಳಾದ ಮಿಕ್ಮಾಕ್ ಜನ ಕೊಟ್ಟ ತೊಗಟೆಯ ಗುಡಿಸಲಿನಲ್ಲಿ. ನಾಲ್ಕು ಚಳಿಗಾಲ ಕಳೆದ ಮೇಲೆ, ಮಗುವಿನ ಪಕ್ಕೆಲುಬು ನೋಡಲಾರದೆ, ನಾವೇ ಬಂದು ಕೋಟೆಯ ಬಾಗಿಲು ತಟ್ಟಿದೆವು.

ಓಜಿತ್‌ಗೆ ಈಗ ಹದಿನೇಳು. ಬದುಕಿದ್ದು, ಹೇಗಾದರೂ ದಾರಿ ಹಿಡಿದರೆ, ಅವಳು ಬರುವುದು ಇಲ್ಲಿಗೆ. ಅವಳಿಗೆ ಗೊತ್ತಿರುವ ಜಾಗ ಇದೊಂದೇ. ಬಂದಾಗ ನಾನು ಇಲ್ಲಿರಬೇಕು. ಕೋಟೆಯ ಗೋಡೆಯೊಳಗಾದರೂ ಸರಿ. ನನಗೆ ಬೇರೆ ಆಸೆ ಉಳಿದಿರಲಿಲ್ಲ.

ಆದರೆ ಆ ಆಗಸ್ಟಿನಲ್ಲಿ ಕೋಟೆಯ ಕ್ಯಾಪ್ಟನ್ ಪಟ್ಟಿ ಬರೆಯಲು ಶುರು ಮಾಡಿದ. ಸೆರೆಯಾಳುಗಳನ್ನೆಲ್ಲ ಬಾಸ್ಟನ್‌ಗೆ ಸಾಗಿಸುತ್ತಾರಂತೆ. ಏರಿಯ ಕೆಲಸಕ್ಕೆ ಬೇಕಾದವರ ಮನೆಮಂದಿ ಮಾತ್ರ ಉಳಿಯಬಹುದು. ಬೇಕು, ಬೇಡ ಎಂದು ಹೇಳುವವರು ಹೊಸದಾಗಿ ಬಂದು ನೆಲ ಹಿಡಿದ ಇಂಗ್ಲಿಷ್ ರೈತರು. ನಮ್ಮ ಪಾಲಿಗೆ ಅಬ್ನರ್.

ಕೊಳೆತ ಹಳೆಯ ತೂಬನ್ನು ಕಿತ್ತು ಹೊಸದನ್ನು ಕೂಡಿಸುವುದು ಯೂಸ್ತಾಶ್‌ನ ಕೆಲಸ. ದೊಡ್ಡ ಮರದ ದಿಮ್ಮಿಯನ್ನು ಕೊರೆದು, ಅದರೊಳಗೆ ಜೋಲುವ ಕದ ಇಟ್ಟ. ಒಳಗಿನ ಮಳೆನೀರು ಬಂದರೆ ಕದ ತಾನಾಗಿ ತೆರೆಯುತ್ತದೆ, ಸಮುದ್ರ ಏರಿ ಬಂದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಉಬ್ಬರ ಚಿಕ್ಕದಿರುವ ವಾರ ನೋಡಿ, ಏರಿಯನ್ನು ಸೀಳಿ, ದಿಮ್ಮಿಯನ್ನು ತಳದಲ್ಲಿ ಕೂಡಿಸಿದ. ಇನ್ನು ಬೇರುಸಮೇತ ಕಡಿದ ಹುಲ್ಲಿನ ಹೆಂಟೆಗಳಿಂದ ಸೀಳನ್ನು ಮುಚ್ಚಬೇಕಿತ್ತು. ಆಗ ಅಬ್ನರ್ ಏರಿಯ ಮೇಲೆ ಬಂದು ನಿಂತ.

"ಸಾಕು, ಮೇಲೆ ಬಾ. ಮುಚ್ಚೋದು ನಮ್ಮೋರು ಮಾಡ್ಕೋತಾರೆ. ಒಂದು ಗುಂಡಿ ಮುಚ್ಚೋಕೆ ಫ್ರೆಂಚರ ಬುದ್ಧಿ ಬೇಕಾಗಿಲ್ಲ. ಮಣ್ಣು ಮಣ್ಣೇ."

"ಹೌದು ದೊರೆ," ಎಂದ ಯೂಸ್ತಾಶ್, ಕೆಸರಿನಿಂದ ಕಾಲು ಕೀಳುತ್ತಾ. "ಮಣ್ಣು ಮಣ್ಣೇ."

"ಏನು ನಗ್ತಿದ್ದೀಯ?"

"ನಗ್ತಿಲ್ಲ ದೊರೆ. ನನ್ನ ಮುಖಾನೇ ಹಂಗೆ."

ಪಕ್ಕದಲ್ಲಿ ಸಲಿಕೆ ತೊಳೆಯುತ್ತಿದ್ದ ಯೂಸ್ತಾಶ್‌ನ ದೊಡ್ಡಪ್ಪ ಬೊನವಾಂತ್ಯೂರ್ ತಲೆ ಎತ್ತದೆ ಹೇಳಿದ: "ಹುಟ್ಟಿದಾಗಿಂದ ಹಂಗೇ. ಹೆತ್ತೋಳೇ ನೋಡಿ ಹೆದರಿದ್ಲು."

ಮೂರು ವರ್ಷದ ಸೆರೆ ನಮಗೆ ಬೈಯುವಷ್ಟು, ಬೈಸಿಕೊಳ್ಳುವಷ್ಟು ಇಂಗ್ಲಿಷ್ ಕಲಿಸಿತ್ತು. ಅಬ್ನರ್ ಉಗುಳಿ ಹೋದ.

ಮಧ್ಯಾಹ್ನ ಬಟಾಣಿ ಗಂಜಿ ಬಡಿಸುವಾಗ ನಾನು ಯೂಸ್ತಾಶ್‌ನನ್ನು ಕೇಳಿದೆ. "ಅವರು ಹುಲ್ಲುಹೆಂಟೆ ಎಲ್ಲಿ ಕಡೀತಿದಾರೆ ನೋಡಿದ್ರಾ? ಏರಿ ಒಳಗಡೆ. ಸಿಹಿನೀರಿನ ಹುಲ್ಲು."

"ನೋಡ್ದೆ."

"ಅದರ ಬೇರು ಉಪ್ಪುನೀರಲ್ಲಿ ಎರಡು ದಿನ ನಿಲ್ಲಲ್ಲ."

"ಗೊತ್ತು ಕಣೇ. ನಿನಗೂ ಗೊತ್ತು, ನನಗೂ ಗೊತ್ತು, ದೊಡ್ಡಪ್ಪಂಗೂ ಗೊತ್ತು. ಅವನಿಗೆ ಗೊತ್ತಿಲ್ಲ. ಅದೇ ಈಗ ನಮಗಿರೋ ಆಸ್ತಿ." ಅವನು ಬಟ್ಟಲನ್ನು ನೆಕ್ಕಿ ಕೆಳಗಿಟ್ಟ. "ಹುಣ್ಣಿಮೆ ಉಬ್ಬರ ಬರಲಿ. ಒಂದೇ ಏಟಿಗೆ ಕಿತ್ಕೊಂಡು ಹೋಗುತ್ತೆ. ಆಮೇಲೆ ಟೋಪಿ ಕೈಲಿ ಹಿಡ್ಕೊಂಡು ಕ್ಯಾಪ್ಟನ್ ಹತ್ರ ಓಡ್ತಾನೆ, ಈ ಫ್ರೆಂಚರನ್ನ ಕಳಿಸಬೇಡಿ ಅಂತ. ಅಲ್ಲೀವರೆಗೂ ಯಾರೂ ಬಾಯಿ ಬಿಡಬಾರದು. ಮುಖ್ಯವಾಗಿ ನೀನು."

"ನಾನ್ಯಾಕೆ ಬಾಯಿ ಬಿಡ್ಲಿ? ಓಜಿತ್ ನನಗೆ ಬೇಡ್ವಾ?"

"ಬೇಕಾದ್ರೆ ಬಾಯಿ ಹೊಲ್ಕೊಂಡಿರು."

ಮೂರು ದಿನ ಹೊಲಿದುಕೊಂಡೇ ಇದ್ದೆ. ಅಬ್ನರನ ಆಳುಗಳು ಹೆಂಟೆಗಳನ್ನು ಗಾಡಿಯಿಂದ ಸುರಿದು, ಹುಲ್ಲು ಮೇಲೋ ಕೆಳಗೋ ನೋಡದೆ, ಸೀಳಿಗೆ ತುಂಬುತ್ತಿದ್ದರು. ಕಸ ತುಂಬಿದ ಹಾಗೆ. ನಾನು ನೀರು ಹೊರುತ್ತಾ ಅವರ ಪಕ್ಕದಲ್ಲೇ ಹೋಗಿ ಬರುತ್ತಿದ್ದೆ. ನನ್ನ ಹಿಂದೆ ಲೂಸ್ ಪುಟ್ಟ ಕೊಡ ಹಿಡಿದು ಬರುತ್ತಿದ್ದಳು. ಒಮ್ಮೆ ಅವಳು ಬಿದ್ದಿದ್ದ ಸೇಬೊಂದನ್ನು ಎತ್ತಿಕೊಂಡಾಗ ಡಾರ್ಕಸ್ ಬಟ್ಟೆಯ ಸಾಲಿನ ಹಿಂದಿನಿಂದ ಬಂದಳು.

"ಇಡು ಕೆಳಗೆ. ಕಳ್ಳ ಜಾತಿ."

ಲೂಸ್ ನನ್ನ ಮುಖ ನೋಡಿದಳು.

"ಬಿದ್ದಿದ್ದು ತಾಯಿ. ಹುಳ ಬಿದ್ದಿರೋದು," ಎಂದೆ.

"ಹುಳ ಬಿದ್ದಿದ್ರೂ ನಮ್ಮದೇ. ಹಂದಿಗೆ ಹಾಕ್ತೀನಿ."

"ಹಾಕಿ. ಆ ಮರ ನೆಟ್ಟೋರು ನಮ್ಮತ್ತೆ. ಅವರೂ ಹಂದಿಗೇ ಹಾಕ್ತಿದ್ರು, ಅತಿಥಿಗಳು ಬಂದಾಗ ಮಾತ್ರ ನಮಗೆ ಕೊಡ್ತಿದ್ರು. ನಿಮ್ಮನ್ನ ಕಂಡಿದ್ರೆ ಏನು ಮಾಡ್ತಿದ್ರೋ."

ಡಾರ್ಕಸ್ ಸೇಬನ್ನು ಮಗುವಿನ ಕೈಯಿಂದ ಕಿತ್ತುಕೊಂಡಳು. ನಾನು ಲೂಸ್‌ಳ ಬೆರಳುಗಳನ್ನು ನನ್ನ ಲಂಗಕ್ಕೆ ಒರೆಸಿ, ಕೊಡವನ್ನು ಮತ್ತೆ ಅವಳ ಕೈಗೆ ಕೊಟ್ಟೆ. ಹುಣ್ಣಿಮೆಗೆ ಒಂದೇ ದಿನ ಉಳಿದಿತ್ತು. ಬರಲಿ ಸಮುದ್ರ ಎಂದುಕೊಂಡೆ. ಇವಳ ಹೊಸ್ತಿಲವರೆಗೂ ಬರಲಿ.

ನಮ್ಮ ಹೊಳೆಯ ಉಬ್ಬರ ಹುಣ್ಣಿಮೆಯಂದು ನಡುಹಗಲಿಗೆ ತುದಿ ಮುಟ್ಟುತ್ತದೆ. ಅಂದು ಬೆಳಿಗ್ಗೆ ಯೂಸ್ತಾಶ್, ದೊಡ್ಡಪ್ಪ, ಇನ್ನೂ ಆರು ಜನ ಸೆರೆಯಾಳುಗಳು ದಿನ್ನೆಯ ಮೇಲೆ ಬೇಲಿಗೂಟ ಚೂಪು ಮಾಡುತ್ತಾ ಕೂತಿದ್ದರು. ಇಬ್ಬರು ಸಿಪಾಯಿಗಳು ಕಾವಲಿಗೆ. ಗೂಟ ಚೂಪು ಮಾಡುವ ಜಾಗದಿಂದ ಏರಿ ಚೆನ್ನಾಗಿ ಕಾಣುತ್ತಿತ್ತು. ಜಾತ್ರೆ ನೋಡಲು ಬಂದವರ ಹಾಗೆ ಅವರು ಆ ಕಡೆಗೇ ಮುಖ ಮಾಡಿ ಕೂತಿದ್ದರು.

ಕೆಂಪು ಕೆಸರಿನ ಮೇಲೆ ನೀರು ತೆವಳುತ್ತಾ ಬಂತು. ನಾನು ಕೊಡ ಹೊತ್ತು ಏರಿಯ ಒಳಪಕ್ಕದ ಕಾಲುದಾರಿಯಲ್ಲಿ ನಡೆಯುತ್ತಿದ್ದೆ. ತುಂಬಿದ ಸೀಳಿನ ಹತ್ತಿರ ಬಂದಾಗ, ಎರಡು ಹೆಂಟೆಗಳ ನಡುವಿನಿಂದ ದಾರದಷ್ಟು ತೆಳುವಾಗಿ ನೀರು ಇಳಿಯುವುದು ಕಂಡಿತು. ಬಣ್ಣ ಕೆಂಪು. ಒಳಗಿನ ಮಣ್ಣೂ ಕರಗಿ ಬರುತ್ತಿತ್ತು.

ನಮ್ಮಲ್ಲಿ ಮಗು ನಡೆಯಲು ಕಲಿತ ವರ್ಷವೇ ಅದನ್ನು ಏರಿಗೆ ಕರೆದೊಯ್ಯುತ್ತಾರೆ. ಸೋರು ಕಂಡರೆ ಅದರ ಮೇಲೆ ಕಾಲಿಡಬೇಕು, "ನೀರು" ಎಂದು ಕೂಗಬೇಕು, ಜನ ಬರುವವರೆಗೂ ಕಾಲು ತೆಗೆಯಬಾರದು. ಏರಿ ಯಾರದ್ದಾದರೂ ಸರಿ. ಜಗಳವಾಡಿದವರದ್ದಾದರೂ ಸರಿ. ಸೋರು ಕಂಡೂ ದಾಟಿಹೋದವರ ಮನೆಯಿಂದ ಯಾರೂ ಬೆಂಕಿ ತರುತ್ತಿರಲಿಲ್ಲ, ಅವರ ಹೆಣ ಹೊರಲೂ ಹೋಗುತ್ತಿರಲಿಲ್ಲ. ನನ್ನ ಅವ್ವ ನನಗೆ ಪ್ರಾರ್ಥನೆ ಕಲಿಸುವ ಮೊದಲು ಕಲಿಸಿದ್ದು ಇದನ್ನು.

ದಾಟಿಹೋಗಬೇಕು ಎಂದು ನನಗೆ ಗೊತ್ತಿತ್ತು. ಓಜಿತ್‌ಳ ಮುಖವನ್ನು ಕಣ್ಣ ಮುಂದೆ ತಂದುಕೊಂಡೆ. ಎರಡು ಹೆಜ್ಜೆ ದಾಟಿಯೂ ಹೋದೆ. ಮೂರನೆಯದಕ್ಕೆ ಕೊಡ ಕೆಳಗಿತ್ತು, ನನ್ನ ಬರಿಗಾಲು ಸೋರಿನ ಮೇಲಿತ್ತು, ಗಂಟಲಿನಿಂದ ಕೂಗು ಹೊರಟುಹೋಗಿತ್ತು.

"ನೀರು! ನೀರು!"

ದಿನ್ನೆಯ ಮೇಲೆ ಯೂಸ್ತಾಶ್ ಎದ್ದು ನಿಂತ. ನಾಲ್ಕು ಜನ ಸೆರೆಯಾಳುಗಳೂ ಎದ್ದರು, ಓಡಲು ಕಾಲೆತ್ತಿದರು. ಯೂಸ್ತಾಶ್ ಕೊಡಲಿಯನ್ನು ಅಡ್ಡ ಹಿಡಿದು ಅವರನ್ನು ತಡೆದ.

ಅಬ್ನರ್ ಓಡಿ ಬಂದ. "ಏನಾಯ್ತು? ಏನು ಮಾಡ್ದೆ ನೀನು?"

"ನಾನೇನೂ ಮಾಡಿಲ್ಲ. ನಿಮ್ಮ ಮಣ್ಣು ಹೋಗ್ತಿದೆ."

ನನ್ನ ಕಾಲಿನ ಪಕ್ಕದಲ್ಲಿ ಇನ್ನೊಂದು ಸೋರು ಬಿಟ್ಟಿತು. ಅಬ್ನರ್ ಅದರ ಮೇಲೆ ಒಂದು ಹೆಂಟೆ ಎಸೆದ. ಅದು ಜಾರಿ ಬಿತ್ತು. ಆಳುಗಳು ಮತ್ತಷ್ಟು ಎಸೆದರು.

"ಅದಲ್ಲ," ಎಂದೆ. ಹೇಳಬಾರದೆಂದು ನಾಲಿಗೆ ಕಚ್ಚಿಕೊಂಡೇ ಹೇಳಿದೆ. "ಅದಲ್ಲ, ಅದು ಕೊಳೆಯೋ ಹುಲ್ಲು. ಹೊರಗಡೆ ಹೋಗಿ. ಉಬ್ಬರ ಮುಳುಗಿಸೋ ಕಡೆ ಬೆಳೆಯುತ್ತಲ್ಲ, ಆ ಒರಟು ಹುಲ್ಲು. ಅದರ ಬೇರು ಉಪ್ಪು ಕುಡಿದೇ ಗಟ್ಟಿಯಾಗೋದು. ಬೇಗ, ಇನ್ನು ಸ್ವಲ್ಪ ಹೊತ್ತಿಗೆ ಅಲ್ಲೂ ನೀರು ಬರುತ್ತೆ."

ಅಬ್ನರ್ ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ ಆಳುಗಳನ್ನು ಹೊರಗೆ ಅಟ್ಟಿದ. ಅವರು ಕಡಿದು ತಂದರು. ತಂದದ್ದನ್ನು ತಪ್ಪಾಗಿ ಇಟ್ಟರು. ನಾನು ಒಂದನ್ನು ಎತ್ತಿ, ಹುಲ್ಲನ್ನು ಸಮುದ್ರದ ಕಡೆಗೆ ತಿರುಗಿಸಿ, ಕೆಳಗಿನ ಸಂದನ್ನು ಮುಚ್ಚುವಂತೆ ಅಡ್ಡ ಇಟ್ಟು, ಹಿಮ್ಮಡಿಯಿಂದ ತುಳಿದೆ. ಒಂದು ಸಾಕು ಎಂದುಕೊಂಡೆ. ಎರಡನೆಯದನ್ನೂ ಇಟ್ಟೆ. ಡಾರ್ಕಸ್ ಬಂದು ನನ್ನ ಪಕ್ಕದಲ್ಲಿ ಮೊಣಕಾಲೂರಿದಳು, ನಾನು ಇಟ್ಟ ಹಾಗೇ ಇಡುತ್ತಾ ಹೋದಳು.

"ಓರೆ ಮಾಡಿ," ಎಂದೆ. "ನೆಟ್ಟಗೆ ನಿಲ್ಲಿಸಬೇಡಿ, ಒರಗಿಸಿ."

"ಹೀಗಾ?"

"ಇನ್ನೂ."

ಹೊಟ್ಟೆಯೊಳಗೆ ಓಜಿತ್ ಇದ್ದಾಗ ಇದೇ ಏರಿಯನ್ನು ನಾನು ತುಳಿದಿದ್ದೆ. ಕಾಲಿಗೆ ಎಲ್ಲ ನೆನಪಿತ್ತು. ನಡುಹಗಲಿಗೆ ಸಮುದ್ರ ಏರಿಯ ತುದಿಗೆ ಒಂದು ಗೇಣು ಕೆಳಗೆ ಬಂದು ನಿಂತಿತು, ನಮ್ಮನ್ನೆಲ್ಲ ನೋಡಿತು, ಮತ್ತೆ ಇಳಿಯಿತು. ಒಳಗೆ ಹೊಲ ಹಸಿರಾಗಿಯೇ ಇತ್ತು.

ಅಬ್ನರ್ ಎರಡೂ ಹುಲ್ಲಿನ ಒಂದೊಂದು ಹೆಂಟೆಯನ್ನು ಕೈಯಲ್ಲಿ ಹಿಡಿದು, ಬೇರುಗಳನ್ನು ಎಳೆದು ನೋಡುತ್ತಿದ್ದ. "ಇಷ್ಟೇನಾ?" ಎಂದ. "ಇಷ್ಟಕ್ಕೇನಾ ನಿನ್ನ ಗಂಡ ಅಷ್ಟು ಕೊಬ್ಬಿದ್ದು?"

ನಾನು ದಿನ್ನೆ ಹತ್ತಿದೆ. ಯೂಸ್ತಾಶ್ ಗೂಟ ಚೂಪು ಮಾಡುತ್ತಿದ್ದ.

"ಕಾಲು ತಾನಾಗೇ ಹೋಯ್ತು ರೀ," ಎಂದೆ. "ನಾನು ಬೇಡ ಅಂದೆ, ಕಾಲು ಹೋಯ್ತು."

ಅವನು ಸಿಪಾಯಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ: "ಈ ಹೆಂಗಸು ಅಡ್ಡ ನಿಂತಿದ್ದಾಳೆ. ಬೆಳಕು ಬರ್ತಿಲ್ಲ."

ಬೊನವಾಂತ್ಯೂರ್ ದೊಡ್ಡಪ್ಪ ಮಾತ್ರ ಕೋಟೆಗೆ ಹಿಂತಿರುಗುವ ದಾರಿಯಲ್ಲಿ ನನ್ನ ಪಕ್ಕಕ್ಕೆ ಬಂದ. "ನಾನೂ ಎದ್ದಿದ್ದೆ ಕಣಮ್ಮ," ಎಂದ. "ಅವನು ಕೊಡಲಿ ಅಡ್ಡ ಹಿಡೀದೇ ಇದ್ದಿದ್ರೆ ನಾನೂ ಓಡ್ತಿದ್ದೆ. ಬೆಂಕಿ ಬೀಳ್ಲಿ ನಮ್ಮ ಬುದ್ಧಿಗೆ."

ಐದನೆಯ ದಿನ ಕೋಟೆಯ ಅಂಗಳದಲ್ಲಿ ಪಟ್ಟಿ ಓದಿದರು. ಯೂಸ್ತಾಶ್ ದ್ವಾರೋಂ, ಹೆಂಡತಿ ನತಾಲಿ, ಒಂದು ಹೆಣ್ಣುಮಗು. ಬಾಸ್ಟನ್. ಕ್ಯಾಪ್ಟನ್‌ನ ಮೇಜಿನ ಪಕ್ಕದಲ್ಲಿ ಅಬ್ನರ್ ನಿಂತಿದ್ದ. ನಾನು ಅವನೆದುರು ಹೋದೆ.

"ನಿಮ್ಮ ಹೊಲ ಉಳಿಸಿದೋಳು ನಾನು."

"ಹೌದು," ಎಂದ. "ಇನ್ನು ಮೇಲೆ ನಾವೇ ಉಳಿಸ್ಕೋತೀವಿ. ನಿನ್ನ ಗಂಡ ದಿನ್ನೆ ಮೇಲೆ ಕೂತು ಏನು ಕಾಯ್ತಿದ್ದ ಅಂತ ನನಗೆ ಗೊತ್ತಾಗಲ್ಲ ಅನ್ಕೊಂಡಿದ್ದೀಯಾ?"

ಅವನ ಹಿಂದೆ ಗಾಡಿಯಲ್ಲಿ ಡಾರ್ಕಸ್ ಕೂತಿದ್ದಳು. ಅವಳ ಮೊಣಕಾಲಿನ ಕೆಸರು ಲಂಗದಿಂದ ಇನ್ನೂ ಪೂರ್ತಿ ಹೋಗಿರಲಿಲ್ಲ. ನಾನು ಗಾಡಿಯ ಚಕ್ರ ಹಿಡಿದುಕೊಂಡೆ.

"ತಾಯಿ, ಹದಿನೇಳು ವರ್ಷದ ಹುಡುಗಿ ಬರಬಹುದು. ಎಡಗೆನ್ನೆ ಮೇಲೆ ಸುಟ್ಟ ಕಲೆ ಇದೆ. ಅವಳ ಅವ್ವ ಬಾಸ್ಟನ್‌ಗೆ ಹೋದ್ಲು ಅಂತ ಹೇಳಿ. ಅಷ್ಟೇ."

ಡಾರ್ಕಸ್ ನನ್ನ ಕೈಯನ್ನು ನೋಡಿದಳು, ಮುಖವನ್ನಲ್ಲ.

"ನಿಮ್ಮೋರು ಯಾರಾದ್ರೂ ಬಂದ್ರೆ ಕೋಟೆಗೆ ತಿಳಿಸಬೇಕು ಅಂತ ಆಜ್ಞೆ ಇದೆ. ನಾನು ತಿಳಿಸ್ತೀನಿ. ಚಕ್ರ ಬಿಡು."

ಬಿಟ್ಟೆ. ಲೂಸ್ ನನ್ನ ಲಂಗ ಹಿಡಿದುಕೊಂಡಿದ್ದಳು.

ನಮ್ಮನ್ನು ಹಡಗಿಗೆ ಹತ್ತಿಸಿದ್ದು ಇಳಿತದ ಹೊತ್ತಿಗೆ. ಹಡಗು ಹೊಳೆಯ ಬಾಯಿಯತ್ತ ಸಾಗುವಾಗ ಏರಿ ನಮ್ಮ ಬಲಕ್ಕೆ ಬಂತು. ತೂಬಿನಿಂದ ಸಿಹಿನೀರು ಹೊರಗೆ ಸುರಿಯುತ್ತಿತ್ತು, ಕದ ತೆರೆದುಕೊಂಡಿತ್ತು. ಲೂಸ್‌ಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಾನು ಅವಳ ಕೂದಲ ಸಿಕ್ಕು ಬಿಡಿಸುತ್ತಿದ್ದೆ. ಆ ದಿನದಿಂದ ನನ್ನೊಂದಿಗೆ ಒಂದು ಮಾತೂ ಆಡದ ಯೂಸ್ತಾಶ್ ಹಡಗಿನ ಅಂಚಿನಲ್ಲಿ ನಿಂತಿದ್ದ. ತಿರುಗಿ ನೋಡದೆಯೇ ಕೇಳಿದ:

"ತೂಬಿನ ತಲೆ ಮೇಲಿನ ಹೆಂಟೆ ಸಾಲು. ಎಷ್ಟು ಒಳಕ್ಕೆ ಎಳೆದು ಇಟ್ಟೆ?"

"ಒಂದು ಮೊಳ."

"ತುಳಿದ್ಯಾ?"

"ಎರಡು ಸಲ."

ಅವನು ಬಹಳ ಹೊತ್ತು ಏರಿಯನ್ನೇ ನೋಡಿದ.

"ಹಂಗಾದ್ರೆ ಇನ್ನು ಐವತ್ತು ವರ್ಷ ಅದಕ್ಕೆ ಏನೂ ಆಗಲ್ಲ," ಎಂದ, ಶಾಪ ಹಾಕುವವನ ದನಿಯಲ್ಲಿ. ಆಮೇಲೆ ಜನರನ್ನು ದಾಟಿ ಹಡಗಿನ ಇನ್ನೊಂದು ಬದಿಗೆ ಹೋಗಿ, ನನಗೆ ಬೆನ್ನು ಹಾಕಿ ಕೂತುಕೊಂಡ.